ಗಡಿ ದಾಟಿಸಿದ ಮಾರಿ

ಕೊಲಂಬೊ
೧೪ ನವೆಂಬರ್ ೧೯೪೮

ಪೂಜ್ಯ ಅಪ್ಪಯ್ಯನವರಿಗೂ ಅಬ್ಬೆಗೂ ಕಮಲಾಕ್ಷ ಕಡಲಾಚೆಯಿಂದಲೇ ಅಡ್ಡಬಿದ್ದು ಬರೆಯುವುದು.

ನಾನೂ ಗೋಮತಿಯೂ ಕ್ಷೇಮ. ಅವಳಿಗೆ ಏಳು ತುಂಬಿದೆ. ಬಾಣಂತನಕ್ಕೆ ಊರಿಗೆ ಕಳಿಸು ಎಂದು ನೀವು ಬರೆದಿರಿ. ಆದರೆ ಮಾವನ ಹೋಟೆಲು ಇಲ್ಲೇ ಪಕ್ಕದ ಬೀದಿಯಲ್ಲಿದೆ, ಅತ್ತೆ ದಿನಕ್ಕೆರಡು ಸಲ ಬಂದು ಹೋಗುತ್ತಾರೆ. ತವರು ಬೆನ್ನ ಹಿಂದೆಯೇ ಇರುವಾಗ ತುಂಬು ಬಸುರಿಯನ್ನು ಕಡಲಿಗೆ ಹಾಕುವುದು ಬೇಡ ಎಂದುಕೊಂಡೆವು.

ನಿನ್ನ ಕೆಲಸ ಎಂಥದೆಂದು ಊರವರು ಕೇಳಿದರೆ ಹೇಳಲು ತಿಳಿಯುವುದಿಲ್ಲ ಎಂದಿದ್ದಿರಿ. ನಾನು ಈ ಬಂದರಿನ ಆರೋಗ್ಯ ಕಚೇರಿಯಲ್ಲಿ ತಂತಿ ಓದುವ ಗುಮಾಸ್ತ. ಯಾವ ದೇಶದ ಯಾವ ಬಂದರಿನಲ್ಲಿ ಕಾಲರಾ, ಪ್ಲೇಗು, ಸಿಡುಬು ಇದೆ ಎಂದು ವಾರವಾರ ತಂತಿ ಬರುತ್ತದೆ. ಯುದ್ಧಕ್ಕೆ ಮೊದಲು ಸಿಂಗಾಪುರದಲ್ಲಿ ಇದಕ್ಕೆಂದೇ ಒಂದು ಕಚೇರಿಯಿತ್ತು. ಜಪಾನಿನವರು ಬಂದ ಮೇಲೆ ಅದು ಬಾಯಿ ಮುಚ್ಚಿತು. ಆ ವರ್ಷಗಳಲ್ಲಿ ಹಡಗಿನ ಜೊತೆ ಏನು ಬಂತೆಂದು ಹೆಣ ಬಿದ್ದ ಮೇಲೆಯೇ ತಿಳಿಯುತ್ತಿತ್ತಂತೆ. ಹೋದ ತಿಂಗಳು ದೆಹಲಿಯಲ್ಲಿ ಹಿಂದೂಸ್ಥಾನ, ಬರ್ಮಾ, ಸಿಲೋನು, ಸಯಾಮಿನವರೆಲ್ಲ ಕೂತು, ಆರೋಗ್ಯದ ವಿಷಯದಲ್ಲಿ ನೆರೆಯವರು ಒಟ್ಟಾಗಿರಬೇಕೆಂದು ಮಾತಾಡಿಕೊಂಡಿದ್ದಾರೆ. ನಮ್ಮ ಕಚೇರಿಯಲ್ಲಿ ಅದೇ ದೊಡ್ಡ ಸುದ್ದಿ.

ಊರಲ್ಲಿ ಮಾರಿ ಬಂದರೆ ನಾವೇನು ಮಾಡುತ್ತೇವೆ? ಬೊಂಬೆ ಮಾಡಿ, ಬುಟ್ಟಿಯಲ್ಲಿಟ್ಟು, ಡೋಲು ಬಡಿದುಕೊಂಡು ಹೋಗಿ ಪಕ್ಕದ ಊರಿನ ಗಡಿಯಲ್ಲಿ ಇಟ್ಟು, ತಿರುಗಿ ನೋಡದೆ ಬರುತ್ತೇವೆ. ಅವರು ಅದನ್ನೇ ಎತ್ತಿ ಆಚೆಯವರಿಗೆ ಸಾಗಿಸುತ್ತಾರೆ. ನಮ್ಮ ಕಚೇರಿಯದು ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಮಾರಿ ಬಂದಿದ್ದಾಳೆ, ನೀವು ಬಾಗಿಲು ಹಾಕಿಕೊಳ್ಳಿ ಎಂದು ನೆರೆಯವನಿಗೆ ಕೂಗಿ ಹೇಳುವುದು. ತಂತಿಯಲ್ಲಿ ಹೆಸರಿರುವ ಬಂದರಿನ ಹಡಗು ಸ್ವಲ್ಪ ದಿನ ಹೊರಗೇ ನಿಲ್ಲಬೇಕು, ಅದರ ಬಟ್ಟೆಬರೆಯನ್ನೆಲ್ಲ ಹಬೆಯಲ್ಲಿ ಬೇಯಿಸುತ್ತೇವೆ. ಹೆಸರಿಲ್ಲದಿದ್ದರೆ ನೇರ ಒಳಗೆ.

ಈ ತಂತಿಯ ಬೇರು ಎಲ್ಲಿದೆ ಗೊತ್ತೇ? ನಿಮ್ಮ ಚಾವಡಿಯಲ್ಲಿ. ಪಟೇಲರಾದ ನೀವು ಕುಂದಾಪುರಕ್ಕೆ ಬರೆಯುವ ಹುಟ್ಟು ಸಾವಿನ ವರದಿಯೇ ಮಂಗಳೂರು, ಮದರಾಸು ಸುತ್ತಿ ನನ್ನ ಮೇಜಿಗೆ ಬರುತ್ತದೆ. ನಮ್ಮೂರ ಹೆಸರು ಅದರಲ್ಲಿ ಇಲ್ಲದ್ದನ್ನು ನೋಡಿ ಪ್ರತಿ ವಾರ ಖುಷಿಪಡುತ್ತೇನೆ.

ಪದ್ಮಾಕ್ಷಿಗೆ ಸಿಡುಬಿಗೆ ಕೈ ಚುಚ್ಚಿಸಿದಿರೋ ಇಲ್ಲವೋ? ಮೂರನೆಯ ಸಲ ಕೇಳುತ್ತಿದ್ದೇನೆ.

ನಿಮ್ಮ ಮಗ
ಕಮಲಾಕ್ಷ


ಸಾಸ್ತಾನ
೫ ಡಿಸೆಂಬರ್ ೧೯೪೮

ಚಿರಂಜೀವಿ ಕಮಲಾಕ್ಷನಿಗೆ ಗಣಪಯ್ಯ ಐತಾಳನ ಆಶೀರ್ವಾದ.

ನಿನ್ನ ಪತ್ರವನ್ನು ಅಬ್ಬೆಗೆ ಓದಿ ಹೇಳಿದೆ. ಅಕ್ಷರ ಬಾರದವಳಿಗೆ ಸಿಂಗಾಪುರವೇನು, ಸಯಾಮೇನು. "ಮಾಣಿ ಸಮಾ ಉಣ್ತಾನಾ? ಅದ್ ಬರ್ದಿದ್ನಾ?" ಎಂದು ಕೇಳಿದಳು. ನೀನು ಬರೆದಿರಲಿಲ್ಲ. ಬರೆದಿದ್ದಾನೆ ಎಂದೆ. ಓದಿ ಹೇಳುವವನಿಗೆ ಅಷ್ಟು ಅಧಿಕಾರವಿಲ್ಲದಿದ್ದರೆ ಹೇಗೆ?

ನನ್ನ ವರದಿಗೆ ನೀನು ಕೊಟ್ಟ ಮರ್ಯಾದೆ ದೊಡ್ಡದಾಯಿತು. ಆದರೆ ಪಟೇಲಿಕೆ ಎಂದರೇನೆಂದು ನಿನಗೆ ಗೊತ್ತಿಲ್ಲ. ನಮ್ಮ ಬಂದರಿನ ದಕ್ಕೆಯಿಂದ ಹಂಚು ಹೊತ್ತ ಹಾಯಿ ಮಚವೆ ಕೊಲಂಬೊಗೆ ಹೊರಡುವುದು ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ಮಾತ್ರ. ಯಾರದೋ ಮೈಮೇಲೆ ಒಂದು ಗುಳ್ಳೆ ಕಂಡೆ ಎಂದು ನಾನು ಬರೆದರೆ ಊರಿನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಹಂಚಿನ ವ್ಯವಹಾರ ನನ್ನದೂ ಇದೆ ಎಂದು ಬಾಯಿಬಡುಕರು ಆಡುತ್ತಾರೆ. ಇದೆ, ಯಾಕಿರಬಾರದು? ನಿನ್ನನ್ನು ಓದಿಸಿದ್ದು ಅದೇ ಹಂಚು.

ಪದ್ಮಾಕ್ಷಿಯ ಮಾತು ಬಿಡು. ಬೈಂದೂರಿನ ಗಂಡಿನ ಕಡೆಯವರು ಮಾಘದಲ್ಲಿ ಅವಳನ್ನು ನೋಡಲು ಬರುತ್ತಾರೆ. ಬಿಲ್ಲೆಯಗಲದ ಕಲೆಯನ್ನು ತೋಳಿನ ಮೇಲೆ ಹೊತ್ತು ಅವರೆದುರು ಕೂರಬೇಕೇ? ನನಗೂ ನಿನ್ನ ಅಬ್ಬೆಗೂ ಚಿಕ್ಕಂದಿನಲ್ಲೇ ಅಮ್ಮ ಬಂದು ಹೋಗಿದ್ದಾಳೆ, ಮುಖದ ಮೇಲೆ ರುಜು ಹಾಕಿಯೇ ಹೋಗಿದ್ದಾಳೆ. ನಾವು ಸತ್ತೆವೇ? ಮದುವೆಯಾಗಲಿ, ಆಮೇಲೆ ಗಂಡನ ಮನೆಯವರು ಬೇಕಾದರೆ ಚುಚ್ಚಿಸಿಕೊಳ್ಳಲಿ.

ನೀನು ಸಯಾಮಿನ ಆರೋಗ್ಯ ನೋಡಿಕೋ, ಸಂತೋಷ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆಗೆ ಮಾತ್ರ ಸಾಕ್ಷಿಯಾಗಬೇಡ.

ಇತಿ
ಗಣಪಯ್ಯ ಐತಾಳ


ಸಾಸ್ತಾನ
೧೬ ಜನವರಿ ೧೯೪೯

ಅಣ್ಣಯ್ಯನಿಗೆ, ಅತ್ತಿಗೆಗೆ, ಮತ್ತು ಮುಖ್ಯವಾಗಿ ಇನ್ನೂ ಹೆಸರಿಲ್ಲದ ಆ ಗಂಡಸಿಗೆ ಸೋದರತ್ತೆ ಪದ್ಮಾಕ್ಷಿಯ ಪತ್ರ.

ಗಂಡು ಮಗು ಎಂದು ತಂತಿ ಬಂದ ದಿನ ಅಪ್ಪಯ್ಯ ಅಂಗಳದಲ್ಲಿ ನಡೆಯಲಿಲ್ಲ, ತೇಲಿದರು. ಅಬ್ಬೆ ಅಟ್ಟದ ಪೆಟ್ಟಿಗೆಯಿಂದ ಧಾರೆ ಸೀರೆ ತೆಗೆದಳು. ಅದೇ, ಕೆಂಪು ಹತ್ತಿಯದು. ನೀನೂ ನಾನೂ ತೊಟ್ಟಿಲು ತೂಗಿಸಿಕೊಂಡದ್ದು ಅದರಲ್ಲೇ ತಾನೇ? ಈ ಮನೆಯ ಮಗು ಬೇರೆ ಬಟ್ಟೆಯಲ್ಲಿ ಮಲಗಬಾರದಂತೆ. ಆದರೆ ಇಷ್ಟು ವರ್ಷ ಮಡಿಕೆಯಲ್ಲಿದ್ದು ಅದು ಒರಟಾಗಿದೆ. ಹಾಗಾಗಿ ದಿನಾ ನಾನೇ ಹೊದ್ದು ಮಲಗಿ ಮೆತ್ತಗೆ ಮಾಡುತ್ತಿದ್ದೇನೆ. ಸೋದರತ್ತೆಯ ಮೈಶಾಖ ಹತ್ತಿದ ಬಟ್ಟೆಯಲ್ಲಿ ಮಗು ಅಳುವುದಿಲ್ಲ ಎಂಬುದು ಅಬ್ಬೆಯ ಶಾಸ್ತ್ರ. ಮುಂದಿನ ಮಚವೆ ನಡೆಸುವ ಸುಬ್ಬ ತಂಡೇಲನ ಕೈಯಲ್ಲಿ ಕಳಿಸುತ್ತೇವೆ. ಮಗು ಅತ್ತರೆ ನನ್ನನ್ನು ಕೇಳು!

ನಿನ್ನ ಕಚೇರಿಗೆ ಬೇಕಾಗುವ ಸುದ್ದಿಯೂ ಇದೆ. ದಕ್ಕೆಯಲ್ಲಿ ಹಂಚು ಹೊರುವ ಮಂಜನ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ಒಗ್ಗರಣೆಯ ವಾಸನೆ ನಿಂತಿದೆ. ಅವನ ಇಬ್ಬರು ಮಕ್ಕಳಿಗೆ ಮೈತುಂಬ ಎದ್ದಿದೆಯಂತೆ. ಅಪ್ಪಯ್ಯನನ್ನು ಕೇಳಿದರೆ, "ಅದ್ ಎಂತದೂ ಅಲ್ಲ, ಸೆಕಿ ಬೊಕ್ಕೆ" ಅನ್ನುತ್ತಾರೆ. ಪುಷ್ಯದ ಚಳಿಯಲ್ಲಿ ಬೆವರುಗುಳ್ಳೆಯಂತೆ! ಹತ್ತು ಹನ್ನೆರಡು ದಿನದ ಹಿಂದೆ ಬುಟ್ಟಿ ಒಯ್ಯಲು ಮಂಜನ ಹೆಂಡತಿ ನಮ್ಮ ಹಿತ್ತಲಿಗೆ ಬಂದಿದ್ದಳು. ಪಾಪ, ಕಣ್ಣೆಲ್ಲ ಅತ್ತು ಕೆಂಪಾಗಿತ್ತು. ನಾನು ಕೈ ಹಿಡಿದು ಕೂರಿಸಿ ಬೆಲ್ಲ ನೀರು ಕೊಟ್ಟೆ.

ಬುಟ್ಟಿ ಯಾಕೆಂದು ಗೊತ್ತಲ್ಲ? ಮಾರಿ ಸಾಗಿಸಲು. ಸೊಪ್ಪಿನ ಬೊಂಬೆ ಮಾಡಿ ಹೊತ್ತುಕೊಂಡು ಹೋದರೆ ಆಚೆ ಊರಿನವರು ದೊಣ್ಣೆ ಹಿಡಿದು ಗಡಿಯಲ್ಲೇ ನಿಂತಿದ್ದರಂತೆ. "ಹ್ವಾಯ್, ನಿಮ್ಮ್ ಮಾರಿ ನಿಮ್ಗೇ ಇರ್ಲಿ! ಇಲ್ಲ್ ಇಟ್ರೆ ಕಾಲ್ ಮುರಿತ್!" ಡೋಲು, ಬೊಂಬೆ ಎಲ್ಲ ಸೇರಿ ಬಾಲ ಮುದುರಿಕೊಂಡು ವಾಪಸು ಬಂದವು. ಕಡೆಗೆ ಅಪ್ಪಯ್ಯನೇ, "ನಮ್ಮ್ ಮಚವೆಲ್ ಹಾಕಿ, ನಡು ಕಡ್ಲಲ್ ಬಿಟ್ರಾಯ್ತ್" ಎಂದು ತೀರ್ಪು ಕೊಟ್ಟರು. ಮಾರಿಗೂ ನಿನ್ನ ಹಾಗೆ ಕಡಲ ಯಾನದ ಯೋಗ.

ಮಗುವಿನ ಹೆಸರು ನಾನೇ ಇಡುವುದು. ಸೋದರತ್ತೆ ಹೇಳದ ಹೆಸರು ಹೆಸರೇ ಅಲ್ಲ. ಒಂದು ಹುಡುಕಿ ಇಟ್ಟಿದ್ದೇನೆ, ಯಾರಿಗೂ ಹೇಳಿಲ್ಲ, ಅಬ್ಬೆಗೂ. ನಿನ್ನನ್ನೂ ಸ್ವಲ್ಪ ಕಾಯಿಸಬೇಕು.

ನಿನ್ನೆಯಿಂದ ಸೊಂಟ ಮುರಿದ ಹಾಗೆ ನೋವು, ಮೈ ಕೆಂಡ. ಬರೆಯುತ್ತಿದ್ದರೆ ಅಕ್ಷರ ಹರಿದಾಡುತ್ತಿವೆ. ಅಬ್ಬೆ ಕಷಾಯ ಕೊಟ್ಟಿದ್ದಾಳೆ. ಸೀರೆ ಹೊದ್ದರೆ ಚಳಿ ಸ್ವಲ್ಪ ತಡೆಯುತ್ತದೆ.

ನಿನ್ನ
ಪದ್ದು


ಕೊಲಂಬೊ
೨೭ ಜನವರಿ ೧೯೪೯

ಅಪ್ಪಯ್ಯನವರಿಗೆ ನಮಸ್ಕಾರ.

ಪದ್ಮಾಕ್ಷಿಯ ಪತ್ರ ಇವತ್ತು ಬಂತು. ಅವಳ ಜ್ವರ ಹೇಗಿದೆ? ಮಂಜನ ಮಕ್ಕಳಿಗೆ ಎದ್ದಿರುವುದು ಏನು? ಈ ವಾರದ ತಂತಿಯಲ್ಲಿ ನಮ್ಮ ಬಂದರಿನ ಹೆಸರಿಲ್ಲ.

ನಿಮ್ಮನ್ನು ತಪ್ಪಿತಸ್ಥರೆಂದು ಹೇಳುತ್ತಿಲ್ಲ. ಸಿಡುಬೆಂದು ಬರೆದರೆ ಮಚವೆ ಕೆಲವು ದಿನ ಇಲ್ಲಿ ಹೊರಗೆ ನಿಲ್ಲುತ್ತದೆ, ಬಟ್ಟೆ ಬೇಯುತ್ತದೆ, ಅಷ್ಟೇ. ನಾನೇ ಊಟ ಕಳಿಸಿ ನಿಮ್ಮ ಜನರನ್ನು ನೋಡಿಕೊಳ್ಳುತ್ತೇನೆ. ಈ ಮನೆಯಲ್ಲಿ ಈಗ ಹಾಲು ಕುಡಿಯುವ ಮಗುವಿದೆ, ಅಪ್ಪಯ್ಯ. ಇಷ್ಟು ಎಳೆಯದಕ್ಕೆ ಈಗಲೇ ಚುಚ್ಚುವುದು ಬೇಡ, ಸ್ವಲ್ಪ ಮೈ ತುಂಬಲಿ ಎಂದು ಡಾಕ್ಟರು ಹೇಳಿದ್ದಾರೆ. ನಾನೂ ಗೋಮತಿಯೂ ಚುಚ್ಚಿಸಿಕೊಂಡಿದ್ದೇವೆ. ಮಗುವಿಗೆ ಯಾವ ಕಾವಲೂ ಇಲ್ಲ. ಇದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಬರೆಯಿರಿ. ನೀವು ಬರೆದದ್ದನ್ನು ನಂಬುತ್ತೇನೆ.

ಕಮಲಾಕ್ಷ


ಸಾಸ್ತಾನ
೭ ಫೆಬ್ರವರಿ ೧೯೪೯

ಚಿರಂಜೀವಿ ಕಮಲಾಕ್ಷನಿಗೆ ಆಶೀರ್ವಾದ.

ಇಲ್ಲ. ಕೇಳಿದ ಹಾಗೆ ಒಂದೇ ಮಾತಿನಲ್ಲಿ ಬರೆದಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಹೆತ್ತ ತಂದೆಯನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ವಿದ್ಯೆಯನ್ನು ನಿನಗೆ ಯಾವ ದೇಶದವರು ಕಲಿಸಿದರೋ ತಿಳಿಯದು.

ಪದ್ಮಾಕ್ಷಿಯದು ಮಕ್ಕಳಾಟ. ಅವಳ ಜ್ವರ ಅಂದೇ ಬಿಟ್ಟಿತು. ತ್ರಾಸಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ, ಅಲ್ಲಿ ಅಂಚೆ ಸರಿಯಿಲ್ಲ. ಪತ್ರ ಬರಲಿಲ್ಲವೆಂದು ಪೇಚಾಡಬೇಡ. ಮಗುವಿಗೆ ಬಾಲಚಂದ್ರ ಎಂದು ಹೆಸರಿಡಲು ಹೇಳಿ ಹೋಗಿದ್ದಾಳೆ.

ಸುಬ್ಬ ತಂಡೇಲನ ಮಚವೆ ನಾಳೆ ಬಿಡುತ್ತದೆ. ಅಬ್ಬೆ ಧಾರೆ ಸೀರೆಯನ್ನು ಮೂಲೆಗೆ ಅರಿಶಿನ ಹಚ್ಚಿ ಗಂಟು ಕಟ್ಟಿ ಕೊಟ್ಟಿದ್ದಾಳೆ. ಹುಡುಗಿಯ ಆಸೆ, ಕಳಿಸದೆ ಇರಬಾರದು ಎಂದು ಹಟ ಹಿಡಿದಳು. ಅದನ್ನು ನಿನ್ನ ಹಬೆಗೆ ಹಾಕಬೇಡ, ಬಣ್ಣ ಬಿಟ್ಟು ಹಾಳಾಗುತ್ತದೆ. ಶುದ್ಧ ಬಂದರಿನಿಂದ ಬಂದದ್ದು, ಹಾಕುವ ಅಗತ್ಯವೂ ಇಲ್ಲ.

ಇತಿ
ಗಣಪಯ್ಯ ಐತಾಳ


ಕೊಲಂಬೊ
೨೪ ಫೆಬ್ರವರಿ ೧೯೪೯

ತ್ರಾಸಿಯಲ್ಲಿ ಮೆರೆಯುತ್ತಿರುವ ಪದ್ದುವಿಗೆ,

ಸೀರೆ ಬಂತು. ನಿನ್ನ ಶಾಸ್ತ್ರ ಸುಳ್ಳಲ್ಲ ಮಾರಾಯ್ತಿ. ಎತ್ತಿಕೊಂಡರೂ ಇಳಿಸಿದರೂ ಕಿರುಚುತ್ತಿದ್ದವನು ಅದರಲ್ಲಿ ಹಾಕಿದ ಕೂಡಲೇ ಕಣ್ಣು ಮುಚ್ಚಿದ. ಗೋಮತಿ ಅದನ್ನು ಕೆನ್ನೆಗೆ ಒತ್ತಿಕೊಂಡು, "ನಿಮ್ ತಂಗಿ ತಲಿಗ್ ಹಾಕು ಎಣ್ಣಿ ವಾಸ್ನಿ ಇನ್ನೂ ಇತ್ತ್" ಎಂದಳು. ಸೆರಗನ್ನು ಬಾಯಿಗೆ ಹಾಕಿ ಚೀಪುವುದೊಂದು ಚಟ ಹತ್ತಿದೆ ಅವನಿಗೆ. ಬಿಡಿಸಿದರೆ ರಂಪ.

ಬಾಲಚಂದ್ರ ಎಂದು ಕಿವಿಯಲ್ಲಿ ನಿನ್ನ ಪರವಾಗಿ ಗೋಮತಿಯೇ ಹೇಳಿದಳು. ಅಷ್ಟು ಗುಟ್ಟು ಮಾಡಿ ಕಡೆಗೆ ಅಪ್ಪಯ್ಯನ ಕೈಯಲ್ಲಿ ಹೇಳಿಸಿದೆಯಲ್ಲ, ಅದಕ್ಕೆ ಕೋಪ. ಸುಬ್ಬನನ್ನು ನಿನ್ನ ಸುದ್ದಿ ಕೇಳಿದರೆ ಕಡಲ ಕಡೆ ಮುಖ ಮಾಡಿ ಹಗ್ಗ ಸುತ್ತುತ್ತಾನೆ. ಬೈಂದೂರಿನ ಗಂಡು ಹೇಗಿದ್ದಾನೆ? ಬರೆ.

ನಿನ್ನ
ಅಣ್ಣಯ್ಯ


ಕೊಲಂಬೊ
೨೨ ಮಾರ್ಚ್ ೧೯೪೯

ಗಣಪಯ್ಯ ಐತಾಳರಿಗೆ,

ಮಗು ಹೋಯಿತು. ಮೊದಲು ಬಾಯಿಯೊಳಗೆ ಎದ್ದಿತು. ಹಾಲು ಕುಡಿಯಲು ಬಾಯಿ ತೆರೆಯುವುದು, ಕಿರುಚುವುದು, ಮತ್ತೆ ಹಸಿವಾಗಿ ತೆರೆಯುವುದು. ಆಮೇಲೆ ಕಣ್ಣು ಮುಚ್ಚಿಹೋಯಿತು. ಎತ್ತಿಕೊಂಡರೆ ಚರ್ಮ ನಮ್ಮ ಕೈಗೆ ಬರುತ್ತಿತ್ತು, ಹಾಗಾಗಿ ಕೊನೆಯ ಎರಡು ದಿನ ಎತ್ತಿಕೊಳ್ಳಲೂ ಇಲ್ಲ. ತೊಟ್ಟಿಲಲ್ಲೇ, ನಿಮ್ಮ ಮನೆಯ ಸೀರೆಯಲ್ಲೇ ಬಿಟ್ಟೆವು. ಅದರಲ್ಲೇ ಸುತ್ತಿ ಮಣ್ಣು ಮಾಡಿದೆವು.

ಮಣ್ಣು ಮಾಡಿ ಬಂದಾಗ ಸುಬ್ಬ ಜಗಲಿಯ ಕೆಳಗೆ ಕೂತಿದ್ದ. ವಾಪಸು ಲೋಡಿಗಾಗಿ ಮಚವೆ ಇಲ್ಲೇ ಕಾಯುತ್ತಿತ್ತು. "ಅಯ್ಯ, ಹೇಳೂಕಾಗ ಅಂದ್ ಪಟೇಲ್ರ್ ದೇವ್ರ ಮುಂದ್ ಆಣಿ ಹಾಕ್ಸಿರ್. ಇನ್ನ್ ನನ್ನ್ ಹತ್ರ ಆತಿಲ್ಲೆ. ಹೆಣ್ಣ್ ಹೋಯಿ ತಿಂಗ್ಳ್ ಮೇಲಾಯ್ತ್" ಎಂದ.

ಯಾವ ಹೆಣ್ಣು ಎಂದು ಕೇಳಿದೆ. ನಿಜವಾಗಿಯೂ ತಿಳಿಯಲಿಲ್ಲ ನನಗೆ.

"ನಿಮ್ಮ್ ತಂಗಿಯೇ ಅಯ್ಯ. ಬಾಳಿ ಎಲಿ ಮೇಲ್ ಮಲ್ಗ್ಸಿದ್ರ್. ಮೈಮೇಲ್ ಆ ಸೀರಿಯೇ ಇದ್ದಿತ್. ಅದನ್ನ್ ಬಿಡ್ತಿರ್ಲಿಲ್ಲೆ ಅಂಬ್ರ್."

ನಾನು 'ಇದೆಯೋ ಇಲ್ಲವೋ' ಎಂದು ಬರೆಯುವ ಹೊತ್ತಿಗೆ ಅವಳು ಬಾಳೆ ಎಲೆಯ ಮೇಲಿದ್ದಳು. ನೀವು 'ಇಲ್ಲ' ಎಂದು ಬರೆಯುವ ಹೊತ್ತಿಗೆ ಬೂದಿಯಾಗಿದ್ದಳು. ಸತ್ತವಳಿಗೆ ನಾನು ಗಂಡಿನ ಸುದ್ದಿ ಕೇಳಿ ಪತ್ರ ಬರೆದೆ. ಮನೆಯ ವಿಳಾಸಕ್ಕೇ ಹಾಕಿದ್ದೆ, ಅದು ನಿಮ್ಮ ಕೈಗೇ ಬಂದಿರಬೇಕು. ಓದಿದಿರಾ? ಸೆರಗು ಚೀಪುತ್ತಾನೆ ಎಂದು ಬರೆದಿದ್ದೆನಲ್ಲ, ಆಗಲಾದರೂ ಒಂದು ತಂತಿ ಕೊಡಲು ನಿಮಗೆ ಮನಸ್ಸಾಗಲಿಲ್ಲವೇ?

ಗೋಮತಿ ಬೆಳಿಗ್ಗೆ ಎದ್ದು ಎದೆಹಾಲನ್ನು ಗಿಡದ ಬುಡಕ್ಕೆ ಹಿಂಡಿ ಬಂದು ಕೂರುತ್ತಾಳೆ.

ನಾನು ಅದೇ ದಿನ ಕಚೇರಿಗೆ ಹೋಗಿ ನಮ್ಮ ಬಂದರಿನ ಹೆಸರು ಹೇಳಿದೆ. ಹೆಸರು ನೆರೆಯ ದೇಶಗಳ ಬಂದರುಗಳಿಗೆಲ್ಲ ತಂತಿಯಲ್ಲಿ ಹೋಗಿದೆ. ಬುಟ್ಟಿಯ ಬೊಂಬೆಯನ್ನು ಸುಬ್ಬ ನಡುಗಡಲಲ್ಲಿ ಬಿಟ್ಟನಂತೆ, ನಿಮ್ಮ ಅಪ್ಪಣೆಯಂತೆ. ಮಾರಿಯನ್ನು ಗಡಿ ದಾಟಿಸಿದಿರಿ. ಗಡಿಯಾಚೆ ಇದ್ದದ್ದು ನಿಮ್ಮ ಮಗನ ಮನೆ.

ಬಾಲಚಂದ್ರ ಎಂಬ ಆ ಹೆಸರು ಅವಳದೋ ನಿಮ್ಮದೋ?

ಕಮಲಾಕ್ಷ


ಸಾಸ್ತಾನ
೧೦ ಏಪ್ರಿಲ್ ೧೯೪೯

ಕಮಲಾಕ್ಷನಿಗೆ,

ನಿನ್ನ ಪತ್ರವನ್ನು ಹಿತ್ತಲಲ್ಲಿ ನಿಂತು ಓದಿ, ಹರಿದು, ಮಿಂದು ಒಳಗೆ ಬಂದೆ. ಅಳುವುದಕ್ಕೆ ನನಗೆ ಬಾವಿಕಟ್ಟೆ ಬಿಟ್ಟರೆ ಬೇರೆ ಜಾಗವಿಲ್ಲ. ಅಲ್ಲಿ ಅತ್ತು ಮುಗಿಸಿದೆ. ಇನ್ನು ವ್ಯವಹಾರದ ಮಾತು.

ಬರೆದಿದ್ದರೆ ಪದ್ಮಾಕ್ಷಿ ಎದ್ದು ಬರುತ್ತಿದ್ದಳೇ? ಹೋದವಳ ಸುದ್ದಿಯನ್ನು ಹಸಿ ಬಾಣಂತಿಯಿರುವ ಮನೆಗೆ ಬರೆಯಬಾರದು ಎಂದುಕೊಂಡೆ. ಅಬ್ಬೆ ಸೀರೆಯನ್ನು ಬಿಸಿಲಿಗೆ ಹಾಕಿದ್ದಳು. ಬಿಸಿಲಿಗೆ ಹಾಕಿದ್ದು ಸಾಲದು ಎಂದು ನನಗೆ ಹೇಗೆ ತಿಳಿಯಬೇಕು? ಹೆಸರು ಯಾರದೆಂದು ನೀನು ಕೇಳಿದೆ. ಅವಳು ಹೇಳದೆಯೇ ಹೋದಳು. ಬಾಯಲ್ಲೂ ಎದ್ದಿತ್ತು. ನಾನೇ ಒಂದು ಬರೆದೆ.

ನಿನ್ನ ತಂತಿಯಿಂದ ಮೂರು ಮಚವೆ ದಕ್ಕೆಯಲ್ಲೇ ಬಿದ್ದಿವೆ. ಮುಂಗಾರಿಗೆ ಕಡಲು ಕೆಡುವುದಕ್ಕೆ ಮೊದಲು ಒಂದು ಸಲವಾದರೂ ಹೋಗಿಬರಬೇಕು. ಬಾಯಿ ಬಿಟ್ಟವನು ಮಂಜ ಎಂದು ಊರವರು ಅವನ ಗುಡಿಸಲಿಗೆ ಬೆಂಕಿ ಇಟ್ಟರು. ಮಕ್ಕಳಿಬ್ಬರೂ ಮೊದಲೇ ಹೋಗಿದ್ದವು. ಉಳಿದವರು ತಲ್ಲೂರಿನ ಕಡೆ ಓಡಿಹೋದರು. ನಾನು ತಡೆಯಲಿಲ್ಲ. ಪಟೇಲನ ಮಗನೇ ಬರೆದದ್ದೆಂದು ತಿಳಿದಿದ್ದರೆ ಬೆಂಕಿ ಯಾರ ಮನೆಗೆ ಬೀಳುತ್ತಿತ್ತು, ನೀನೇ ಹೇಳು. ನೀನು ಆ ಕಚೇರಿಯಲ್ಲೇ ಇದ್ದೀಯ. ಹೆಸರು ತೆಗೆಸು.

ಇನ್ನೊಂದು. ಅಬ್ಬೆಗೆ ಮಗುವಿನ ಸುದ್ದಿ ಗೊತ್ತಿಲ್ಲ. ಮಗಳು ಹೋದ ಮೇಲೆ ಒಂದು ತುತ್ತು ಬಾಯಿಗಿಡುವುದು ಮೊಮ್ಮಗನ ಹೆಸರು ಹೇಳಿಯೇ. "ಬಾಲು ಈಗ ಕವುಚಿ ಬಿದ್ನಾ? ಓಲೆ ಬಂದಿತಾ?" ಎಂದು ದಿನಾ ಕೇಳುತ್ತಾಳೆ. ಅವಳಿಗೆಂದು ಒಂದು ಹಾಳೆ ಬೇರೆಯಾಗಿ ಬರೆದು ಕಳಿಸು, ಓದಿ ಹೇಳುತ್ತೇನೆ. ಮಗು ಆಡುತ್ತಿದೆ ಎಂದು ಬರೆ. ನಿನಗೂ ತಾಯಿ ಅವಳು.

ಗಣಪಯ್ಯ


ಕೊಲಂಬೊ
೪ ಮೇ ೧೯೪೯

ಗಣಪಯ್ಯ ಐತಾಳರಿಗೆ,

ಹೆಸರು ತೆಗೆಯುವುದು ನನ್ನ ಕೈಯಲ್ಲಿಲ್ಲ. ಇದ್ದರೂ ತೆಗೆಯುತ್ತಿರಲಿಲ್ಲ. ರೋಗ ನಿಂತರೆ ತಾನಾಗಿ ಹೋಗುತ್ತದೆ, ಆದರೆ ಅದು ನಿಂತಿತೆಂದು ನಿಮ್ಮ ವರದಿ ಹೇಳಿದರೆ ಇನ್ನು ಯಾರೂ ನಂಬುವುದಿಲ್ಲ.

ಅಬ್ಬೆಗೆ ಹಾಳೆ ಕೇಳಿದಿರಿ. ಜೊತೆಗಿದೆ. ಇದೊಂದೇ ಅಲ್ಲ, ತಿಂಗಳಿಗೊಂದು ಬರೆಯುತ್ತೇನೆ. ಹಲ್ಲು ಬರುತ್ತದೆ, ನಡೆಯುತ್ತಾನೆ, ಅಕ್ಷರ ಕಲಿಯುತ್ತಾನೆ, ಮುಂಜಿಯಾಗುತ್ತದೆ. ಅವಳಿರುವವರೆಗೆ, ನಿಮ್ಮ ಕಣ್ಣು ಕಾಣುವವರೆಗೆ ಅವನನ್ನು ಬೆಳೆಸುತ್ತೇನೆ. ನೀವೇ ಓದಬೇಕು, ಅವಳ ಎದುರು ಕೂತು, ಅವಳು ನಗುವುದನ್ನು ನೋಡಿಕೊಂಡು. ಒಂದು ತಿಂಗಳು ತಪ್ಪಿದರೆ ಸುಬ್ಬ ನಿಮ್ಮ ಅಂಗಳಕ್ಕೆ ಬಂದು ಅವಳಿಗೆ ಎಲ್ಲವನ್ನೂ ಹೇಳುತ್ತಾನೆ. ಅವನಿಗೆ ಈ ಸಲ ಆಣೆ ಹಾಕಿಸಿದ್ದು ನಾನು.

ಕಮಲಾಕ್ಷ


ಕೊಲಂಬೊ
೪ ಮೇ ೧೯೪೯

ನನ್ನ ಅಬ್ಬೆಗೆ,

ಇಲ್ಲಿ ಎಲ್ಲರೂ ಕ್ಷೇಮ. ನೀನು ಕೇಳುವ ಮೊದಲೇ ಹೇಳುತ್ತೇನೆ, ನಾನು ಸಮಾ ಉಣ್ಣುತ್ತಿದ್ದೇನೆ.

ಬಾಲು ಹೋದ ವಾರ ಕವುಚಿ ಬಿದ್ದ. ಬಿದ್ದವನಿಗೆ ವಾಪಸು ಮಗುಚಲು ಬಾರದೆ ಆಮೆಯ ಹಾಗೆ ಕೈಕಾಲು ಬಡಿದು ನಮ್ಮನ್ನು ನೋಡಿ ನಕ್ಕ. ಕೆನ್ನೆ ತುಂಬಿದೆ. ಹಣೆ ನಿನ್ನದೇ, ಮೂಗು ಪದ್ದುವಿನದು ಎಂದು ಗೋಮತಿ ಹೇಳುತ್ತಾಳೆ. ಮೈ ಬೆಣ್ಣೆಯ ಹಾಗಿದೆ, ಒಂದು ಕಲೆಯೂ ಇಲ್ಲ. ಬಾಯಿ ಬಿಟ್ಟರೆ ಕೇಕೆ. ನಿನ್ನ ಧಾರೆ ಸೀರೆಯಲ್ಲಿ ಹಾಕಿದರೆ ಎಬ್ಬಿಸುವವರೆಗೂ ಏಳುವುದಿಲ್ಲ.

ಮುಂದಿನ ತಿಂಗಳು ಹಲ್ಲಿನ ಸುದ್ದಿ ಬರೆಯುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇದು ನಿನಗೆ ಇಷ್ಟವಾದರೆ ಅಪ್ಪಯ್ಯನ ಹತ್ತಿರ ಇನ್ನೊಂದು ಸಲ ಓದಿಸಿಕೋ. ಅವರು ಬೇಡವೆನ್ನುವುದಿಲ್ಲ.

ನಿನ್ನ ಮಾಣಿ
ಕಮಲಾಕ್ಷ